ಕೆಲಸವಿಲ್ಲದಾಗ ಕಂಪ್ಯೂಟರ್ ಏನು ಮಾಡುತ್ತದೆ?

ನಮ್ಮ ಶಾಲೆಗೆ ಕಂಪ್ಯೂಟರ್ ಬಂದಾಗ ನಾನು ಒಂಬತ್ತನೇ ತರಗತಿಯಲ್ಲಿದ್ದೆ. 2002ನೇ ಇಸವಿ. ಹಳೆಯ ಕ್ರಾಫ್ಟ್ ಕೊಠಡಿಗೆ ಸುಣ್ಣ ಬಳಿಸಿ, ಕಿಟಕಿಗೆ ಪರದೆ ಹಾಕಿಸಿ, ‘ಚಪ್ಪಲಿ ಹೊರಗೆ ಬಿಡಿ’ ಎಂದು ಬೋರ್ಡು ತೂಗುಹಾಕಿದ್ದರು. ಒಂದು ಕಂಪ್ಯೂಟರಿಗೆ ಆರು ಜನ ಮುತ್ತಿಕೊಳ್ಳುತ್ತಿದ್ದೆವು. ಒಬ್ಬರಿಗೆ ಮೌಸು, ಒಬ್ಬರಿಗೆ ಕೀಬೋರ್ಡು, ಉಳಿದ ನಾಲ್ವರಿಗೆ ಸಲಹೆ ಕೊಡುವ ಕೆಲಸ. ಕರೆಂಟು ಹೋದ ಕೂಡಲೇ ಮೂಲೆಯಲ್ಲಿದ್ದ ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗುತ್ತಿತ್ತು. ಹತ್ತು ನಿಮಿಷದೊಳಗೆ ಎಲ್ಲವನ್ನೂ ಬಂದ್ ಮಾಡಬೇಕು. ಆ ವರ್ಷಗಳ ಲೋಡ್ ಶೆಡ್ಡಿಂಗ್ ನೆನಪಿರುವವರಿಗೆ ಗೊತ್ತು, ಕಂಪ್ಯೂಟರ್ ಪೀರಿಯಡ್ಡಿನಲ್ಲಿ ನಾವು ಚೆನ್ನಾಗಿ ಕಲಿತದ್ದು ‘ಶಟ್ ಡೌನ್’ ಮಾಡುವುದನ್ನೇ.

ಒಂದು ದಿನ ಊಟದ ಬೆಲ್ಲು ಹೊಡೆದು ಎಲ್ಲರೂ ಹೊರಗೆ ಓಡಿದ ಮೇಲೆ ನಾನು ಒಂದು ಯಂತ್ರದ ಬೆನ್ನಿಗೆ ಕೈಯಿಟ್ಟು ನೋಡಿದೆ. ಬಿಸಿಗಾಳಿ ಬರುತ್ತಿತ್ತು, ಫ್ಯಾನು ತಿರುಗುತ್ತಲೇ ಇತ್ತು. ವಿಜ್ಞಾನದ ಮೇಷ್ಟ್ರನ್ನು ಕೇಳಿದೆ: “ಸಾರ್, ಯಾರೂ ಮುಟ್ಟದೆ ಇದ್ದಾಗ ಇದು ಏನ್ ಮಾಡ್ತಿರುತ್ತೆ?” ಅವರು ಸ್ವಲ್ಪ ಹೊತ್ತು ಯಂತ್ರವನ್ನೇ ನೋಡಿ, “ಗೊತ್ತಿಲ್ಲ ಕಣೋ. ತಿಳ್ಕೊಂಡು ಬಂದು ನನಗೂ ಹೇಳು” ಅಂದರು. ಗೊತ್ತಿಲ್ಲ ಎಂದು ಮಕ್ಕಳ ಮುಂದೆ ಹೇಳುವ ಮೇಷ್ಟ್ರು ಆಗ ಹೆಚ್ಚು ಜನ ಇರಲಿಲ್ಲ. ಬಿ.ಇ. ಮುಗಿಸಿದ ಮೇಲೆ ಹದಿನೈದು ವರ್ಷಗಳಿಂದ ನನ್ನ ಹೊಟ್ಟೆಪಾಡು ಹೆಚ್ಚುಕಡಿಮೆ ಆ ಪ್ರಶ್ನೆಯ ಸುತ್ತಲೇ ನಡೆದಿದೆ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಮೇಷ್ಟ್ರಿಗೆ ಬಾಕಿ ಇರುವ ಉತ್ತರವನ್ನೇ ಬರೆಯೋಣ ಅನ್ನಿಸಿತು. ನಿವೃತ್ತರಾಗಿ ಊರಲ್ಲೇ ಇದ್ದಾರೆ, ಓದುತ್ತಾರೆ.

ಉತ್ತರದ ಮೊದಲ ಭಾಗ ನಗು ಬರಿಸುವಂಥದ್ದು. ಬಹಳ ಕಾಲದವರೆಗೆ, ಕೆಲಸವಿಲ್ಲದ ಕಂಪ್ಯೂಟರ್ ‘ಕೆಲಸ ಬಂತೇ, ಕೆಲಸ ಬಂತೇ’ ಎಂದು ತನ್ನನ್ನೇ ಕೇಳಿಕೊಳ್ಳುತ್ತ ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಡಾಸ್ ಕಾಲದ ಯಂತ್ರ ಹೀಗೆಯೇ. ಯಾರಾದರೂ ಕೀಲಿ ಒತ್ತಿದರೇ ಎಂದು ಸೆಕೆಂಡಿಗೆ ಸಾವಿರಾರು ಸಲ ನೋಡುವುದು, ಇಲ್ಲದಿದ್ದರೆ ಮತ್ತೆ ನೋಡುವುದು. ಬಸ್ಸು ಬಂತೇ ಎಂದು ಮನೆಯಿಂದ ರಸ್ತೆಗೆ, ರಸ್ತೆಯಿಂದ ಮನೆಗೆ ಓಡಾಡುತ್ತಿರುವ ಹಾಗೆ. ‘ಸುಮ್ಮನೆ ನಿಲ್ಲು, ಯಾರಾದರೂ ಕರೆದಾಗ ಏಳು’ ಎಂಬ ಆದೇಶ ಪ್ರೊಸೆಸರಿನಲ್ಲಿ ಇರಲಿಲ್ಲವೆಂದಲ್ಲ. 1978ರ ಇಂಟೆಲ್ 8086ರಲ್ಲೇ ಹಾಲ್ಟ್ ಎಂಬ ಆದೇಶ ಇತ್ತು. ಬಳಸುವವರಿರಲಿಲ್ಲ. ಎಷ್ಟರಮಟ್ಟಿಗೆ ಎಂದರೆ, ಹಾಲ್ಟ್ ಹೇಳಿದರೆ ಕೆಲವು ಲ್ಯಾಪ್‌ಟಾಪ್‌ಗಳು ಮತ್ತೆ ಏಳದೆ ಸ್ತಬ್ಧವಾಗುತ್ತಿದ್ದವೆಂದು ವಿಂಡೋಸ್ 95 ಆ ಆದೇಶವನ್ನೇ ಕೊಡುತ್ತಿರಲಿಲ್ಲ. ಆಗ ಜನ ‘ರೈನ್’, ‘ಸಿಪಿಯು ಐಡಲ್’ ಎಂಬ ಪುಟ್ಟ ಪ್ರೋಗ್ರಾಂಗಳನ್ನು ಬೇರೆಯಾಗಿ ಹಾಕಿಕೊಂಡು ಯಂತ್ರ ತಣ್ಣಗಿಡುತ್ತಿದ್ದರು.

ಗೋಡೆಯಿಂದ ಕರೆಂಟು ಬರುವ ತನಕ ಯಾರಿಗೂ ಇದು ಕಾಡಲಿಲ್ಲ. ಕಾಡಿದ್ದು ಲ್ಯಾಪ್‌ಟಾಪ್ ಬಂದಾಗ. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಎಪಿಎಂ ಎಂಬ ಪದ್ಧತಿ ತಂದವು. ಅದರಲ್ಲಿ ಯಜಮಾನಿಕೆ ಬಯಾಸ್‌ನದು, ಅಂದರೆ ಮದರ್‌ಬೋರ್ಡಿನಲ್ಲೇ ಬರೆದಿಟ್ಟಿರುವ ಮೂಲ ತಂತ್ರಾಂಶದ್ದು. ಬಯಾಸ್‌ಗೆ ಗೊತ್ತಿದ್ದದ್ದು ಇಷ್ಟೇ: ಇಷ್ಟು ಹೊತ್ತಿನಿಂದ ಯಾರೂ ಕೀಲಿ ಮುಟ್ಟಿಲ್ಲ. ಒಳಗೆ ಯಾವ ಪ್ರೋಗ್ರಾಂ ಏನು ಮಾಡುತ್ತಿದೆ ಎಂಬುದು ಅದಕ್ಕೆ ಕಾಣುತ್ತಿರಲಿಲ್ಲ. ನಮ್ಮೂರಿನ ಫೀಡರ್ ಬಂದ್ ಮಾಡುವ ಲೈನ್‌ಮನ್‌ಗೆ ಯಾರ ಮನೆಯಲ್ಲಿ ಗ್ರೈಂಡರಿನಲ್ಲಿ ಹಿಟ್ಟು ಅರ್ಧ ರುಬ್ಬಿದೆ ಎಂಬುದು ಗೊತ್ತಿರುವುದಿಲ್ಲವಲ್ಲ, ಹಾಗೆ. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಮೂರೂ ಸೇರಿ ಎಸಿಪಿಐ ಎಂಬ ಹೊಸ ಪದ್ಧತಿ ಪ್ರಕಟಿಸಿದವು. ಇದು ಸ್ವಿಚ್ಚನ್ನು ಲೈನ್‌ಮನ್ ಕೈಯಿಂದ ತೆಗೆದು ಮನೆಯವರ ಕೈಗೆ ಕೊಟ್ಟಿತು. ಯಂತ್ರದಲ್ಲಿ ಏನೇನು ನಡೆಯುತ್ತಿದೆಯೆಂದು ಪೂರ್ತಿ ಗೊತ್ತಿರುವುದು ವಿಂಡೋಸ್, ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂಗೆ ಮಾತ್ರ. ಆದ್ದರಿಂದ ಯಾವ ಭಾಗ ಯಾವಾಗ ಮಲಗಬೇಕು ಎಂದು ಅದೇ ತೀರ್ಮಾನಿಸಲಿ ಎಂಬುದು ಎಸಿಪಿಐ ತತ್ತ್ವ.

ಈ ಬದಲಾವಣೆಯ ಸುದ್ದಿ ಯಾವ ಪತ್ರಿಕೆಯ ಮುಖಪುಟದಲ್ಲೂ ಬಂದಿರಲಾರದು. ಆದರೆ ನನ್ನ ಪ್ರಕಾರ ಮುಂದಿನ ಎಲ್ಲ ಕಥೆಯೂ ಇಲ್ಲಿಂದ ಹೊರಡುತ್ತದೆ. ವಿದ್ಯುತ್ತಿನ ಲೆಕ್ಕ ಯಂತ್ರದ ಗುಣವಾಗಿ ಉಳಿಯದೆ ತಂತ್ರಾಂಶದ ತೀರ್ಮಾನವಾಯಿತು. ತಂತ್ರಾಂಶವನ್ನು ಅಪ್‌ಡೇಟ್ ಮಾಡಬಹುದು. ಅಂದರೆ ನೀವು ದುಡ್ಡು ಕೊಟ್ಟು ತಂದ ಯಂತ್ರದ ವೇಗವನ್ನೂ, ಬಿಸಿಯನ್ನೂ, ಬ್ಯಾಟರಿಯ ಆಯುಸ್ಸನ್ನೂ ಯಾರೋ ದೂರದಲ್ಲಿ ಕೂತು ಒಂದು ರಾತ್ರಿಯಲ್ಲಿ ಬದಲಾಯಿಸಬಹುದು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಎಸ್.ಎಸ್.ಎಲ್.ಸಿ. ಮಟ್ಟದ್ದು. ಪ್ರೊಸೆಸರ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ: ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ, ಎಷ್ಟು ವೋಲ್ಟೇಜಿನಲ್ಲಿ ಮಿಡಿಯುತ್ತದೆ. ಮಿಡಿತ ಎರಡರಷ್ಟಾದರೆ ವಿದ್ಯುತ್ತು ಎರಡರಷ್ಟು. ವೋಲ್ಟೇಜ್ ಎರಡರಷ್ಟಾದರೆ ವಿದ್ಯುತ್ತು ನಾಲ್ಕರಷ್ಟು, ಏಕೆಂದರೆ ಅದು ವರ್ಗದ ಲೆಕ್ಕದಲ್ಲಿ ಏರುತ್ತದೆ. ನಿಧಾನವಾಗಿ ಮಿಡಿಯುವ ಪ್ರೊಸೆಸರಿಗೆ ಕಡಿಮೆ ವೋಲ್ಟೇಜ್ ಸಾಕು. ಎರಡನ್ನೂ ಶೇ 80ಕ್ಕೆ ಇಳಿಸಿ ನೋಡಿ: 0.8 × 0.8 × 0.8 = 0.512. ವೇಗದಲ್ಲಿ ಐದನೇ ಒಂದು ಭಾಗ ಬಿಟ್ಟುಕೊಟ್ಟರೆ ವಿದ್ಯುತ್ತಿನಲ್ಲಿ ಹತ್ತಿರ ಹತ್ತಿರ ಅರ್ಧ ಉಳಿಯಿತು!

2000ನೇ ಇಸವಿಯ ಜನವರಿಯಲ್ಲಿ ಇಂಟೆಲ್ ಈ ಉಪಾಯವನ್ನು ಲ್ಯಾಪ್‌ಟಾಪಿನ ಪೆಂಟಿಯಂ 3ಕ್ಕೆ ಅಳವಡಿಸಿ ಸ್ಪೀಡ್‌ಸ್ಟೆಪ್ ಎಂದು ಕರೆಯಿತು. ಕರೆಂಟಿಗೆ ಸಿಕ್ಕಿಸಿದಾಗ 650 ಮೆಗಾಹರ್ಟ್ಸ್, 1.6 ವೋಲ್ಟ್. ಬ್ಯಾಟರಿಯಲ್ಲಿದ್ದಾಗ 500 ಮೆಗಾಹರ್ಟ್ಸ್, 1.35 ವೋಲ್ಟ್. ಮೇಲಿನ ಲೆಕ್ಕ ಹಾಕಿದರೆ ಇದೂ ಸುಮಾರು ಅರ್ಧಕ್ಕೇ ಬರುತ್ತದೆ. ಅದೇ ತಿಂಗಳು ಟ್ರಾನ್ಸ್‌ಮೆಟಾ ಎಂಬ ಸಣ್ಣ ಕಂಪನಿ ಕ್ರೂಸೋ ಎಂಬ ಪ್ರೊಸೆಸರ್ ತಂದಿತು. ಅದು ಕೆಲಸ ನೋಡಿಕೊಂಡು ಹೆಜ್ಜೆಹೆಜ್ಜೆಯಾಗಿ ವೇಗ ಬದಲಾಯಿಸಬಲ್ಲದಾಗಿತ್ತು. ಲಿನಕ್ಸ್ ಬರೆದ ಲಿನಸ್ ಟೋರ್ವಾಲ್ಡ್ಸ್ ಆಗ ಕೆಲಸ ಮಾಡುತ್ತಿದ್ದುದು ಅಲ್ಲೇ. ಕಂಪನಿ ಉಳಿಯಲಿಲ್ಲ, ಅದು ಹಿಡಿದ ದಾರಿ ಉಳಿಯಿತು.

ಡೆಸ್ಕ್‌ಟಾಪ್ ಯಂತ್ರಗಳವರು ಮಾತ್ರ ಇದು ತಮಗಲ್ಲ ಎಂದು ಓಡುತ್ತಲೇ ಇದ್ದರು. ಅವರ ಧೈರ್ಯಕ್ಕೆ ಆಧಾರವಿತ್ತು. 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಒಂದು ಲೆಕ್ಕ ತೋರಿಸಿದ್ದರು. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಅದರ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿ ವೇಗವಾಗಿ ಓಡಿಸಿದರೂ ಬಿಸಿ ಏರುವುದಿಲ್ಲ ಎಂದು. ಮೂವತ್ತು ವರ್ಷ ಇದು ನಡೆಯಿತು. ಆಮೇಲೆ ಟ್ರಾನ್ಸಿಸ್ಟರ್ ಎಷ್ಟು ಚಿಕ್ಕದಾಯಿತೆಂದರೆ, ಮುಚ್ಚಿದರೂ ಸೋರುವ ನಲ್ಲಿಯಂತೆ ಆಫ್ ಇದ್ದಾಗಲೂ ವಿದ್ಯುತ್ತು ಸೋರತೊಡಗಿತು. ವೋಲ್ಟೇಜನ್ನು ಇನ್ನೂ ಇಳಿಸುವಂತಿರಲಿಲ್ಲ.

ಲೆಕ್ಕ ತಪ್ಪಿದ್ದು ಎಲ್ಲರಿಗೂ ಕಂಡದ್ದು 2004ರಲ್ಲಿ, ನಾವು ಎಸ್.ಎಸ್.ಎಲ್.ಸಿ. ಬರೆದ ವರ್ಷ. ಫೆಬ್ರವರಿಯಲ್ಲಿ ಇಂಟೆಲ್‌ನ ಹೊಸ ಪೆಂಟಿಯಂ 4 ಬಂತು. 3.4 ಗಿಗಾಹರ್ಟ್ಸ್‌ನ ಹಳೆಯದಕ್ಕೆ 89 ವ್ಯಾಟ್ ಬಿಸಿ ಹೊರಹಾಕುವ ಏರ್ಪಾಡು ಸಾಕಾಗಿತ್ತು. ಅಷ್ಟೇ ವೇಗದ ಹೊಸದಕ್ಕೆ 103 ವ್ಯಾಟ್ ಬೇಕಾಯಿತು. ಟ್ರಾನ್ಸಿಸ್ಟರ್ ಚಿಕ್ಕದಾಗಿತ್ತು, ಬಿಸಿ ಮಾತ್ರ ಹೆಚ್ಚಾಗಿತ್ತು. ಮೇ ತಿಂಗಳಲ್ಲಿ ಕಂಪನಿ ಮುಂದಿನ ತಲೆಮಾರಿನ ಪ್ರೊಸೆಸರ್ ಯೋಜನೆಯನ್ನೇ ಕೈಬಿಟ್ಟಿತು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4 ಬರುವುದಿಲ್ಲ ಎಂದಿತು. ಆ ತಿಂಗಳು ಒಂದು ಸಮ್ಮೇಳನದಲ್ಲಿ ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ವೇದಿಕೆಯ ಮೇಲೆ ಮಂಡಿಯೂರಿ ಕ್ಷಮೆ ಕೇಳಿದರು. ಅರ್ಧ ತಮಾಷೆಗೆ ಮಾಡಿದ್ದು. ಆದರೂ ಆ ಅರ್ಧ ತಮಾಷೆಯಲ್ಲಿ ಮೂವತ್ತು ವರ್ಷದ ಓಟ ನಿಂತದ್ದಿದೆ.

ಇನ್ನು ಮೇಲಿನ ಲೆಕ್ಕಕ್ಕೆ ವಾಪಸು ಹೋಗಿ. ಶೇ 80 ವೇಗದಲ್ಲಿ ಅರ್ಧ ವಿದ್ಯುತ್ತು ಸಾಕೆಂದರೆ, ಒಂದರ ವಿದ್ಯುತ್ತಿನಲ್ಲಿ ಅಂಥ ಎರಡನ್ನು ಓಡಿಸಬಹುದು. ಕೆಲಸವನ್ನು ಸಮನಾಗಿ ಹಂಚಲು ಬಂದರೆ ಒಟ್ಟು 1.6ರಷ್ಟು ಕೆಲಸ. ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಇಡುವ ಆಲೋಚನೆ ಸಾಮಾನ್ಯ ಗ್ರಾಹಕನ ತನಕ ಬಂದದ್ದು ಹೀಗೆ. ಐಬಿಎಂ 2001ರಲ್ಲೇ ತನ್ನ ದೊಡ್ಡ ಸರ್ವರುಗಳಿಗೆ ಇದನ್ನು ಮಾಡಿತ್ತು. 2005ರ ಏಪ್ರಿಲ್, ಮೇ ಹೊತ್ತಿಗೆ ಇಂಟೆಲ್‌ನ ಪೆಂಟಿಯಂ ಡಿ, ಎಎಂಡಿಯ ಅಥ್ಲಾನ್ 64 ಎಕ್ಸ್2 ಅಂಗಡಿಗೆ ಬಂದವು. ಡ್ಯುಯಲ್ ಕೋರ್ ಎಂಬ ಮಾತು ನಮ್ಮ ತಾಲ್ಲೂಕಿನ ಕಂಪ್ಯೂಟರ್ ಅಂಗಡಿಯ ಬೋರ್ಡಿನ ಮೇಲೂ ಬಂತು. ಕೋರ್ ಹೆಚ್ಚಾದದ್ದು ಶಕ್ತಿ ಹೆಚ್ಚಾಗಿ ಎಂದು ನಾವೆಲ್ಲ ತಿಳಿದಿದ್ದೆವು. ನಿಜವಾಗಿ ಅದು ಬಿಸಿಗೆ ಹೆದರಿ ಹುಡುಕಿಕೊಂಡ ಅಡ್ಡದಾರಿ.

ಆದರೆ ಆಗ ಎಲ್ಲರ ಯಂತ್ರದಲ್ಲಿದ್ದ ವಿಂಡೋಸ್ ಎಕ್ಸ್‌ಪಿ 2001ರದು. ಅದರ ದೊಡ್ಡ ಅಪ್‌ಡೇಟಾದ ಸರ್ವಿಸ್ ಪ್ಯಾಕ್ 2 ಬಂದದ್ದು 2004ರ ಆಗಸ್ಟಿನಲ್ಲಿ, ಡ್ಯುಯಲ್ ಕೋರ್ ಮಾರುಕಟ್ಟೆಗೆ ಬರುವ ಮುಂಚೆ. ಇದರ ಪರಿಣಾಮ ನಾನು ಕಣ್ಣಾರೆ ಕಂಡದ್ದು ಬಿ.ಇ. ಹಾಸ್ಟೆಲಿನಲ್ಲಿ. ರೂಮಿನ ಗೆಳೆಯನೊಬ್ಬ ಅಥ್ಲಾನ್ ಎಕ್ಸ್2 ಹಾಕಿಸಿ ಕಂಪ್ಯೂಟರ್ ಜೋಡಿಸಿಕೊಂಡಿದ್ದ. ಇಡೀ ಬ್ಲಾಕಿನಲ್ಲಿ ಅದೇ ಹೊಸದು. ಆಟ ಶುರುಮಾಡಿದರೆ ಪಾತ್ರಗಳು ಒಂದು ಹೆಜ್ಜೆ ಮುಂದಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಹಾರುತ್ತಿದ್ದವು. ಅಂಗಡಿಯವನು ಮೋಸ ಮಾಡಿದ ಎಂದೇ ನಮ್ಮ ತೀರ್ಪು. ಜಗಳಕ್ಕೂ ಹೋಗಿ ಬಂದೆವು. ಪಾಪ, ಅವನ ತಪ್ಪೇನೂ ಇರಲಿಲ್ಲ.

ಆಗಿದ್ದು ಇದು. ಪ್ರತಿ ಕೋರ್ ತನ್ನ ಮಿಡಿತಗಳನ್ನು ಎಣಿಸುವ ಒಂದು ಲೆಕ್ಕಪಟ್ಟಿ ಇಟ್ಟುಕೊಂಡಿರುತ್ತದೆ. ಎಷ್ಟು ಹೊತ್ತು ಕಳೆಯಿತೆಂದು ತಿಳಿಯಲು ಬಹಳ ಆಟಗಳು ಅದನ್ನೇ ಓದುತ್ತಿದ್ದವು. ಕೋರ್ ಒಂದೇ ಇದ್ದಾಗ ಇದರಲ್ಲಿ ತೊಂದರೆ ಕಾಣಲಿಲ್ಲ. ಎರಡಾದಾಗ ವಿದ್ಯುತ್ ಉಳಿಸಲು ಒಂದು ಕೋರ್ ನಿಧಾನವಾಗುತ್ತದೆ, ನಿದ್ದೆ ಮಾಡುತ್ತದೆ. ಅದರ ಎಣಿಕೆ ಹಿಂದೆ ಬೀಳುತ್ತದೆ. ಆಟ ಈ ಕ್ಷಣ ಒಂದನೇ ಕೋರಿನಲ್ಲಿ ಹೊತ್ತು ಕೇಳಿ, ಮರುಕ್ಷಣ ಎರಡನೇ ಕೋರಿನಲ್ಲಿ ಕೇಳಿದರೆ ಕಾಲ ಹಿಂದಕ್ಕೆ ಹೋದಂತೆ ಕಾಣುತ್ತದೆ! ಎರಡು ಗೋಡೆ ಗಡಿಯಾರ ಇರುವ ಮನೆಯ ಕಷ್ಟ. ಕೊನೆಗೆ ಸೀನಿಯರ್ ಒಬ್ಬರು ಬೂಟ್ ಡಾಟ್ ಐಎನ್ಐ ಎಂಬ ಫೈಲಿನಲ್ಲಿ ಒಂದು ಪದ ಸೇರಿಸಿ, ಕೋರಿನ ಎಣಿಕೆ ಬಿಟ್ಟು ಮದರ್‌ಬೋರ್ಡಿನ ಗಡಿಯಾರ ನೋಡುವಂತೆ ಮಾಡಿದರು. ಆಟ ಸರಿಹೋಯಿತು. ಎಎಂಡಿ ಕೂಡ ಇದಕ್ಕೆಂದೇ ಡ್ಯುಯಲ್ ಕೋರ್ ಆಪ್ಟಿಮೈಸರ್ ಎಂಬ ಪ್ರೋಗ್ರಾಂ ಕೊಟ್ಟಿತ್ತೆಂದು ಆಮೇಲೆ ಗೊತ್ತಾಯಿತು.

ಎಕ್ಸ್‌ಪಿಗೆ ಇನ್ನೊಂದು ಕಷ್ಟವೂ ಇತ್ತು, ಅದು ಹೆಚ್ಚು ಸೂಕ್ಷ್ಮ. ತರಗತಿಯಲ್ಲಿ ಒಬ್ಬನೇ ಹುಡುಗ ಬೆವರಿಳಿಸಿ ಲೆಕ್ಕ ಮಾಡುತ್ತಿದ್ದಾನೆ ಎಂದುಕೊಳ್ಳಿ. ಆದರೆ ಅವನನ್ನು ನಿಮಿಷಕ್ಕೊಮ್ಮೆ ಈ ಬೆಂಚಿನಿಂದ ಆ ಬೆಂಚಿಗೆ ಕೂರಿಸುತ್ತಿದ್ದೇವೆ. ಬೆಂಚು ಮಾತ್ರ ನೋಡುವ ಇನ್‌ಸ್ಪೆಕ್ಟರು ಎರಡೂ ಅರ್ಧ ಹೊತ್ತು ಖಾಲಿ ಎಂದು ಬರೆದುಕೊಳ್ಳುತ್ತಾರೆ. ಎಕ್ಸ್‌ಪಿ ಹೀಗೆಯೇ ಒಂದೇ ಕೆಲಸವನ್ನು ಎರಡು ಕೋರುಗಳ ನಡುವೆ ಓಡಾಡಿಸಿ, ಎರಡಕ್ಕೂ ಪೂರ್ತಿ ಕೆಲಸವಿಲ್ಲವೆಂದು ತಿಳಿದು, ಎರಡರ ವೇಗವನ್ನೂ ಇಳಿಸುತ್ತಿತ್ತು. ಕೆಲಸ ಜಾಸ್ತಿ ಇದ್ದಾಗಲೇ ಯಂತ್ರ ನಿಧಾನ. ಮೈಕ್ರೋಸಾಫ್ಟ್ ಇದಕ್ಕೆ ಒಂದು ತಿದ್ದುಪಡಿ ಹೊರತಂದಿತು. ಆದರೆ ಅದು ಕೇಳಿ ಪಡೆಯುವವರಿಗೆ ಮಾತ್ರ ದಕ್ಕುವಂಥದ್ದು, ಎಲ್ಲರ ಯಂತ್ರಕ್ಕೂ ತಾನಾಗಿ ಬರುವಂಥದ್ದಲ್ಲ.

ಆಮೇಲೆ ಇದು ಪದ್ಧತಿಯೇ ಆಯಿತು ಎನ್ನಬೇಕು. ಎಂಟು ಕೋರುಗಳನ್ನು ಜೋಡಿಜೋಡಿಯಾಗಿ ಕೂರಿಸಿದ್ದ ಎಎಂಡಿಯ ಬುಲ್‌ಡೋಜರ್ 2011ರ ಅಕ್ಟೋಬರಿನಲ್ಲಿ ಬಂದಾಗ, 2009ರ ವಿಂಡೋಸ್ 7ಗೆ ಆ ಜೋಡಿಗಳ ಸಂಗತಿ ತಿಳಿದಿರಲಿಲ್ಲ. 2012ರ ಜನವರಿಯಲ್ಲಿ ಎರಡು ಅಪ್‌ಡೇಟ್ ಕೊಟ್ಟು ಕಲಿಸಬೇಕಾಯಿತು. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದಾಗ ಉಲ್ಟಾ ಆಯಿತು. ಚೆನ್ನಾಗಿ ಓಡುತ್ತಿದ್ದ ರೈಜನ್ ಯಂತ್ರಗಳು ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ ನಿಧಾನವಾದವು, ಆ ತಿಂಗಳು 21ರಂದು ತಿದ್ದುಪಡಿ ಬಂತು. ಚಿಪ್ಪು ಮಾಡುವವರೂ ತಂತ್ರಾಂಶ ಬರೆಯುವವರೂ ಒಂದೇ ದಿನ ಸಿದ್ಧರಾಗಿದ್ದನ್ನು ನಾನು ಕಂಡಿಲ್ಲ.

ಲಿನಕ್ಸ್ ಕಡೆಯ ಕಥೆ ನನಗೆ ಹೆಚ್ಚು ಹತ್ತಿರದ್ದು. ಅಲ್ಲಿ ನಡೆದ ಚರ್ಚೆ ಯಾರು ಬೇಕಾದರೂ ಓದುವಂತೆ ಬಿದ್ದಿರುತ್ತದೆ, ನಾನು ಕೆಲಸ ಕಲಿತದ್ದೂ ಅದನ್ನು ಓದಿಯೇ. 2004ರಲ್ಲಿ ಇಂಟೆಲ್‌ನ ವೆಂಕಟೇಶ್ ಪಲ್ಲಿಪಾಡಿ ಮತ್ತು ಅಲೆಕ್ಸಿ ಸ್ಟಾರಿಕೋವ್‌ಸ್ಕಿ ಬರೆದ ‘ಆನ್‌ಡಿಮಾಂಡ್’ ಎಂಬ ಭಾಗ ಲಿನಕ್ಸಿಗೆ ಸೇರಿತು. ಕೆಲಸ ಬಂದ ಕೂಡಲೇ ಪೂರ್ತಿ ವೇಗಕ್ಕೆ ಏರುವುದು, ಕಡಿಮೆಯಾದರೆ ಇಳಿಯುವುದು ಅದರ ನಿಯಮ. ಆದರೂ ಒಂದು ತೊಡಕು ಉಳಿದಿತ್ತು. ಆಗಿನ ಲಿನಕ್ಸ್ ಕೆಲಸ ಇರಲಿ ಬಿಡಲಿ ಸೆಕೆಂಡಿಗೆ ಸಾವಿರ ಸಲದವರೆಗೆ ಪ್ರೊಸೆಸರನ್ನು ಎಬ್ಬಿಸಿ ಹಾಜರಿ ಕರೆಯುತ್ತಿತ್ತು. ಪ್ರೊಸೆಸರಿಗೂ ತೂಕಡಿಕೆ ಬೇರೆ, ಗಾಢ ನಿದ್ದೆ ಬೇರೆ. ಗಾಢವಾಗಿ ಮಲಗಿದಷ್ಟೂ ಉಳಿತಾಯ ಹೆಚ್ಚು, ಆದರೆ ಏಳಲು ಹೆಚ್ಚು ಹೊತ್ತು. ಕ್ಷಣಕ್ಷಣಕ್ಕೆ ಹಾಜರಿ ಕರೆದರೆ ಗಾಢ ನಿದ್ದೆ ಎಲ್ಲಿಂದ ಬರಬೇಕು? 2007ರಲ್ಲಿ ಥಾಮಸ್ ಗ್ಲೈಕ್ಸ್‌ನರ್, ಇಂಗೋ ಮೋಲ್ನಾರ್ ಮುಂತಾದವರು ಸೇರಿ, ಕೆಲಸವಿಲ್ಲದಾಗ ಹಾಜರಿಯನ್ನೇ ನಿಲ್ಲಿಸುವಂತೆ ಮಾಡಿದರು. ಕೂಡಲೇ ಇನ್ನೊಂದು ಸಂಗತಿ ಬಯಲಾಯಿತು. ಆ ವರ್ಷವೇ ಇಂಟೆಲ್‌ನ ಅರ್ಜಾನ್ ವಾನ್ ಡಿ ವೆನ್ ಪವರ್‌ಟಾಪ್ ಎಂಬ ಉಪಕರಣ ಬಿಡುಗಡೆ ಮಾಡಿದರು. ಯಾವ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಸಲ ಪ್ರೊಸೆಸರಿನ ನಿದ್ದೆ ಕೆಡಿಸುತ್ತಿದೆ ಎಂದು ಅದು ಹೆಸರು ಸಮೇತ ಪಟ್ಟಿ ಹಾಕುತ್ತದೆ. ಪಟ್ಟಿಯಲ್ಲಿ ತಮ್ಮ ಹೆಸರು ಕಂಡವರೆಲ್ಲ ನಾಚಿ ತಿದ್ದಿಕೊಂಡರು.

ನನ್ನ ಹೆಸರೂ ಒಮ್ಮೆ ಅಂಥ ಪಟ್ಟಿಯಲ್ಲಿ ಬಂದಿದೆ. ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಗೋದಾಮುಗಳಲ್ಲಿ ಬಾರ್‌ಕೋಡ್ ಓದಲು ಕೈಯಲ್ಲಿ ಹಿಡಿಯುವ ಉಪಕರಣ, ಎರಡು ಕೋರಿನದು. ಅದರ ಒಂದು ಅಪ್‌ಡೇಟಿಗೆ ನಾನು ಬರೆದ ಭಾಗ, ಒಂದು ಫೈಲು ಬಂದಿದೆಯೇ ಎಂದು ಹತ್ತು ಮಿಲಿಸೆಕೆಂಡಿಗೊಮ್ಮೆ ನೋಡುತ್ತಿತ್ತು. ಹತ್ತು ಮಿಲಿಸೆಕೆಂಡು ಎಂದರೆ ನನ್ನ ಮನಸ್ಸಿನಲ್ಲಿ ಬಹಳ ಹೊತ್ತು. ಪ್ರೊಸೆಸರಿಗೆ ಅದು ಸೆಕೆಂಡಿಗೆ ನೂರು ಸಲ ಬಾಗಿಲು ತಟ್ಟಿದ ಹಾಗೆ. ನನ್ನ ಮೇಜಿನ ಮೇಲಿದ್ದ ಉಪಕರಣ ಸದಾ ಚಾರ್ಜರಿಗೆ ಸಿಕ್ಕಿಸಿಯೇ ಇದ್ದದ್ದರಿಂದ ನನಗೆ ಏನೂ ಗೊತ್ತಾಗಲಿಲ್ಲ. ಅಪ್‌ಡೇಟ್ ಹೋದ ವಾರ, ಬೆಳಿಗ್ಗೆಯಿಂದ ಸಂಜೆವರೆಗೆ ಬರುತ್ತಿದ್ದ ಬ್ಯಾಟರಿ ಮಧ್ಯಾಹ್ನ ಎರಡಕ್ಕೇ ಮುಗಿಯತೊಡಗಿತು. ದೂರು ವಿಚಾರಿಸಲು ನಾನೇ ಫೋನ್ ಮಾಡಿದಾಗ ಆ ಕಡೆಯ ಹೆಣ್ಣುಮಗಳು, “ಸಾರ್, ಮಿಷನ್ ಹೋದ್ಮೇಲೆ ನಾವು ಪುಸ್ತಕದಲ್ಲಿ ಬರ್ಕೋಬೇಕು, ಸಂಜೆ ಮತ್ತೆ ಕೂತು ಎಂಟ್ರಿ ಮಾಡ್ಬೇಕು. ಏಳು ಗಂಟೆ ಬಸ್ ತಪ್ಪೋಗ್ತಿದೆ” ಅಂದರು. ಕೋಡಿನಲ್ಲಿ ತಿದ್ದಿದ್ದು ನಾಲ್ಕೈದು ಸಾಲು: ಪದೇಪದೇ ನೋಡುವುದನ್ನು ಬಿಟ್ಟು, ಫೈಲು ಬಂದಾಗ ನೀನೇ ಎಬ್ಬಿಸು ಎಂದು ಆಪರೇಟಿಂಗ್ ಸಿಸ್ಟಂಗೆ ಹೇಳಿಟ್ಟೆ. ಅದು ಪರೀಕ್ಷೆ ಮುಗಿಸಿ ಎಲ್ಲ ಉಪಕರಣಗಳಿಗೆ ತಲುಪಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ಸಂಜೆ ಅವರು ಎಷ್ಟು ಗಂಟೆಗೆ ಮನೆ ಮುಟ್ಟಿದರೋ ನಾನು ಕೇಳಲಿಲ್ಲ, ಕೇಳುವ ಧೈರ್ಯ ಬರಲಿಲ್ಲ.

ಆದ್ದರಿಂದಲೇ 2017ರ ಐಫೋನ್ ಪ್ರಕರಣದಲ್ಲಿ ನನಗೆ ಎಂಜಿನಿಯರುಗಳ ಮೇಲೂ ಕರುಣೆ ಇದೆ, ಗ್ರಾಹಕರ ಸಿಟ್ಟೂ ಅರ್ಥವಾಗುತ್ತದೆ. ಹಳೆಯ ಬ್ಯಾಟರಿಗೆ ಒಂದೇ ಏಟಿಗೆ ಹೆಚ್ಚು ವಿದ್ಯುತ್ತು ಕೊಡುವ ತ್ರಾಣ ಇರುವುದಿಲ್ಲ. ಪ್ರೊಸೆಸರ್ ಇದ್ದಕ್ಕಿದ್ದಂತೆ ವೇಗ ಹಿಡಿದರೆ ಫೋನ್ ಪಟ್ಟನೆ ಆಫ್ ಆಗುತ್ತದೆ. ಇದನ್ನು ತಪ್ಪಿಸಲು ಆ ವರ್ಷದ ಜನವರಿಯ ಅಪ್‌ಡೇಟಿನಲ್ಲಿ ಆಪಲ್, ಬ್ಯಾಟರಿ ಸವೆದ ಐಫೋನ್ 6, 6ಎಸ್, ಎಸ್ಇಗಳ ಪ್ರೊಸೆಸರ್ ವೇಗಕ್ಕೆ ಕಡಿವಾಣ ಹಾಕಿತು. ತಾಂತ್ರಿಕವಾಗಿ ಸರಿಯಾದ ಕೆಲಸ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಫೋನ್ ನಿಧಾನವಾಗುತ್ತದೆ ಎಂದು ಕೈಯಲ್ಲಿ ಹಿಡಿದವರಿಗೆ ಸರಿಯಾಗಿ ಹೇಳಲಿಲ್ಲ. ಡಿಸೆಂಬರಿನಲ್ಲಿ ಜಾನ್ ಪೂಲ್ ಎಂಬವರು ವೇಗ ಪರೀಕ್ಷೆಯ ಅಂಕಗಳನ್ನು ಒಟ್ಟುಹಾಕಿ ತೋರಿಸಿದ ಮೇಲೆಯೇ ಕಂಪನಿ ಒಪ್ಪಿಕೊಂಡದ್ದು. ತಿಂಗಳ ಕೊನೆಗೆ ಕ್ಷಮೆ ಕೇಳಿತು, ಬ್ಯಾಟರಿ ಬದಲಾಯಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ಮುಂದಿನ ಮಾರ್ಚಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ, ಕಡಿವಾಣ ಬೇಡವೆಂದರೆ ತೆಗೆಯುವ ಸೌಲಭ್ಯ ಕೊಟ್ಟಿತು. 2020ರಲ್ಲಿ ಫ್ರಾನ್ಸ್ ಹಾಕಿದ 2.5 ಕೋಟಿ ಯೂರೋ ದಂಡ, ಗ್ರಾಹಕರಿಗೆ ತಿಳಿಸದೇ ಹೋದದ್ದಕ್ಕೆ. ಬ್ಯಾಟರಿ ಬದಲಾಯಿಸಿದ್ದರೆ ಸಾಕಾಗುತ್ತಿದ್ದ ಎಷ್ಟೋ ಜನ, ಹಳತಾಯಿತು ಎಂದುಕೊಂಡು ಅಷ್ಟರಲ್ಲಿ ಫೋನನ್ನೇ ಬದಲಾಯಿಸಿಬಿಟ್ಟಿದ್ದರು.

ಈಗಿನ ಫೋನುಗಳಲ್ಲಿ ಎಂಟು ಕೋರ್ ಸಾಮಾನ್ಯ, ಎಂಟೂ ಒಂದೇ ಬಗೆಯವಲ್ಲ. ಕೆಲವು ದೊಡ್ಡವು, ಕೆಲವು ಚಿಕ್ಕವು. ಎಆರ್‌ಎಂ ಕಂಪನಿ 2011ರಲ್ಲಿ ಈ ಏರ್ಪಾಡು ಪ್ರಕಟಿಸಿತು. ಒಂದು ಚೀಲ ರಾಗಿಗೆ ಲಾರಿ ಯಾಕೆ, ಸೈಕಲ್ ಸಾಕು ಎಂಬ ಲೆಕ್ಕ. ಯಾವ ಕೆಲಸಕ್ಕೆ ಲಾರಿ, ಯಾವುದಕ್ಕೆ ಸೈಕಲ್ ಎಂದು ವಿದ್ಯುತ್ತಿನ ಲೆಕ್ಕ ಹಾಕಿ ನಿರ್ಧರಿಸುವ ಬುದ್ಧಿ ಮುಖ್ಯ ಲಿನಕ್ಸಿಗೆ ಸೇರಿದ್ದು 2019ರಲ್ಲಿ. ಮತ್ತೆ ಎಂಟು ವರ್ಷದ ಅಂತರ!

ಇನ್ನು ನಮ್ಮ ಶಾಲೆಯ ವಿಷಯ. ಈಗ ಲ್ಯಾಬಿನಲ್ಲಿರುವುದು ಸುಮಾರು 2014ರಲ್ಲಿ ಬಂದ ಹನ್ನೆರಡು ಯಂತ್ರಗಳು, ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3, ಎರಡು ಕೋರಿನವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಹಳೆ ವಿದ್ಯಾರ್ಥಿಗಳ ಸಂಘದ ಸಭೆಯಲ್ಲಿ ಇದು ಬಂದಾಗ, ಎಲ್ಲವನ್ನೂ ಗುಜರಿಗೆ ಹಾಕಿ ಹೊಸದು ಕೊಡಿಸೋಣ ಎಂಬ ಮಾತೇ ಜೋರಾಗಿತ್ತು. ಕೊಡುವ ಮನಸ್ಸು ದೊಡ್ಡದೇ. ಆದರೆ ಕೆಟ್ಟು ಹೋದದ್ದು ಯಂತ್ರವಲ್ಲ, ಅದಕ್ಕೆ ಬರುತ್ತಿದ್ದ ಅಪ್‌ಡೇಟ್ ನಿಂತಿದೆ ಅಷ್ಟೇ ಎಂದು ನಾನು ಹೇಳಿದೆ. ನೋಡೋಣ, ಮಾಡಿ ತೋರಿಸು ಎಂದರು.

ನವೆಂಬರಿನ ಎರಡು ಭಾನುವಾರ ಕೂತು ನಾಲ್ಕು ಯಂತ್ರಗಳಿಗೆ ಲಿನಕ್ಸ್ ಹಾಕಿದ್ದೇವೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷಗಳಿಂದ ಲಿನಕ್ಸಿನಲ್ಲೇ ಪಾಠ ನಡೆಯುತ್ತಿದೆ, ನಾವೇನೂ ಸಾಹಸ ಮಾಡಿಲ್ಲ. ವ್ಯಾಟ್ ಮೀಟರ್ ಸಿಕ್ಕಿಸಿ ನೋಡಿದರೆ, ಮಾನಿಟರ್ ಬಿಟ್ಟು, ಸುಮ್ಮನಿದ್ದಾಗ 28 ವ್ಯಾಟ್ ಆಸುಪಾಸು. ತಲೆಯ ಮೇಲೆ ತಿರುಗುತ್ತಿರುವ ಹಳೆಯ ಫ್ಯಾನಿಗಿಂತ ಕಡಿಮೆ. ಕಷ್ಟಗಳೂ ಇವೆ. ಕನ್ನಡದ ಕಗಪ ಕೀಲಿಮಣೆ ಸಿಗುತ್ತದೆ, ಟೈಪ್ ಮಾಡಲು ತೊಂದರೆಯಿಲ್ಲ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳು ತೆರೆದರೆ ಅಕ್ಷರ ಚೆಲ್ಲಾಪಿಲ್ಲಿ. ಅವುಗಳಿಗಾಗಿ ಒಂದು ಯಂತ್ರವನ್ನು ಇಂಟರ್‌ನೆಟ್ ತೆಗೆದು ವಿಂಡೋಸಿನಲ್ಲೇ ಉಳಿಸಬೇಕಾಗುತ್ತದೆ. ಎಲ್ಲ ಸಲೀಸು ಎಂದು ಹೇಳಿ ಹೋಗುವುದು ನನಗೆ ಇಷ್ಟವಿಲ್ಲ.

ಆ ದಿನ ಪವರ್‌ಟಾಪ್ ತೆರೆದಿಟ್ಟಿದ್ದೆ. ಎರಡೂ ಕೋರುಗಳು ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಗಾಢ ನಿದ್ದೆಯಲ್ಲಿದ್ದವು. ಮೇಷ್ಟ್ರೇ, ನಿಮ್ಮ ಉತ್ತರ ಇದೇ: ಈಗ ಅದು ಮಲಗಿರುತ್ತದೆ. ಸಹಾಯಕ್ಕೆಂದು ಬಂದಿದ್ದ ಒಂಬತ್ತನೇ ತರಗತಿಯ ಹುಡುಗಿ ಕೀಬೋರ್ಡಿನ ಒಂದು ಕೀಲಿ ಒತ್ತಿ ಅಂಕಿ ಬದಲಾಗುವುದನ್ನು ನೋಡಿದಳು. ಮತ್ತೆ ಒತ್ತಿದಳು. ಆಮೇಲೆ, “ಅಣ್ಣಾ, ಎರಡೂ ಮಲಗಿದ್ರೆ ಕೀ ಒತ್ತಿದ್ದು ಯಾರಿಗೆ ಗೊತ್ತಾಗುತ್ತೆ?” ಎಂದು ಕೇಳಿದಳು. ಕೀಬೋರ್ಡ್ ಕಳಿಸುವ ಸಂಕೇತ, ಮಲಗದೆ ಕಾಯುತ್ತಿರುವ ಒಂದು ಸಣ್ಣ ಮಂಡಲ ಎಂದೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಹಾಗಾದರೆ ಆ ಮಂಡಲಕ್ಕೆ ಎಷ್ಟು ಕರೆಂಟು ಬೇಕು ಎಂಬ ಮುಂದಿನ ಪ್ರಶ್ನೆಗೆ ನಮ್ಮ ವ್ಯಾಟ್ ಮೀಟರಿನಲ್ಲಿ ಉತ್ತರ ಸಿಗುವಂತಿರಲಿಲ್ಲ.

ಉಳಿದ ಯಂತ್ರಗಳನ್ನು ಬೇಸಿಗೆ ರಜೆಯಲ್ಲಿ ಮಾಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಸ್ಕ್ರೂಡ್ರೈವರ್ ಹಿಡಿಯಲು ಬರುವ ಹಳೆ ವಿದ್ಯಾರ್ಥಿಗಳು ಯಾರಾದರೂ ಆ ಎರಡು ವಾರ ಊರಲ್ಲಿದ್ದರೆ ಬನ್ನಿ. ಲ್ಯಾಬಿನ ಬೀಗದ ಕೈ ಆಫೀಸಿನಲ್ಲಿರುತ್ತದೆ, ಚಪ್ಪಲಿ ಈಗಲೂ ಹೊರಗೇ ಬಿಡಬೇಕು.